ಕಾಯಂ ವಸ್ತಿ

ಮೊರದ ತುಂಬ ಹೆಸರುಬೇಳೆ ಹರವಿಕೊಂಡು ಸುನಿತಾ ಹರಳು ಆರಿಸುತ್ತಿದ್ದಳು. ಎದುರಿಗೆ ವಿದ್ಯಾವತಿ ಅಕ್ಕೋರು ಗೋಡೆಗೆ ಬೆನ್ನು ಕೊಟ್ಟು, ಮೊಣಕಾಲ ಮೇಲೆ ಮೊಬೈಲು ಇಟ್ಟುಕೊಂಡು ಅದನ್ನೇ ನೋಡುತ್ತ ಕೂತಿದ್ದರು. ಸಿಕ್ಕ ಹರಳು ತಗಡಿನ ಡಬ್ಬಿಯಲ್ಲಿ ಬಿದ್ದಾಗ ಆಗುವ ಸಣ್ಣ ಸದ್ದು ಬಿಟ್ಟರೆ ಕೋಣೆ ಸುಮ್ಮನಿತ್ತು. ಮಕ್ಕಳು ಬರಲು ಇನ್ನೂ ಅರ್ಧ ತಾಸು ಇತ್ತು.

ಅದು ಬನ್ನಿದೊಡ್ಡಿಯ ಅಂಗನವಾಡಿ. ಮರಾಠಿ ಸೀಮೆಯ ಜತ್ತ ತಾಲೂಕಿನ ಕರಜಗಿಯಿಂದ ನಾಲ್ಕು ಕಿಲೋಮೀಟರು ಒಳಗೆ, ಹಳ್ಳ ದಾಟಿ ಕಲ್ಲಿನ ಏರು ಹತ್ತಿ ಇಳಿದರೆ ಇಪ್ಪತ್ತೊಂದು ಮನೆಗಳ ಕುರುಬರ ದೊಡ್ಡಿ. ಅಂಗನವಾಡಿಯ ಕೋಣೆ ಮೊದಲು ಉಣ್ಣೆ ಒಟ್ಟುವ ಕೋಣೆಯಾಗಿತ್ತು. ಸಣ್ಣ ಕೂಸುಗಳು ಬೀದಿಯ ಧೂಳು ತಿನ್ನುವ ಬದಲು ಒಂದು ಕಡೆ ಕೂಡ್ರಲಿ ಎಂದು ಏಳು ವರ್ಷದ ಹಿಂದೆ ಸುನಿತಾಳ ಕಾಕಾ ಬಸಗೊಂಡ ಅದನ್ನು ಖಾಲಿ ಮಾಡಿ ಕೊಟ್ಟಿದ್ದ. ಮಳೆ ಬಂದ ದಿನ ಈಗಲೂ ಗೋಡೆಗಳಿಂದ ಉಣ್ಣೆಯ ವಾಸನೆ ಏಳುತ್ತಿತ್ತು. ದೊಡ್ಡಿಯವರು ಅದನ್ನು ವಾಸನೆ ಎಂದುಕೊಂಡವರೇ ಅಲ್ಲ. ಕರಜಗಿಯ ಅಕ್ಕೋರು ಮಾತ್ರ ಮೊದಲ ವರ್ಷ ಮೂಗಿಗೆ ಸೆರಗು ಹಿಡಿದಿದ್ದರು, ಆಮೇಲೆ ಅವರಿಗೂ ರೂಢಿಯಾಯಿತು.

ಸುನಿತಾಳಿಗೆ ಹತ್ತೊಂಬತ್ತು ವರ್ಷ. ಅಂಗನವಾಡಿಯ ಕಾಗದದಲ್ಲಿ ಎಲ್ಲೂ ಅವಳ ಹೆಸರಿಲ್ಲ. ಸಣ್ಣ ಅಂಗನವಾಡಿಗೆ ಒಬ್ಬರೇ ಅಕ್ಕೋರು ಎಂದು ಸರಕಾರದ ಲೆಕ್ಕ. ಅವಳು ತಾನಾಗಿಯೇ ಬರುತ್ತಿದ್ದಳು. ಕಸ ಹೊಡೆಯುತ್ತಿದ್ದಳು, ಖಿಚಡಿ ಬೇಯಿಸುತ್ತಿದ್ದಳು, ಅಳುವ ಕೂಸುಗಳನ್ನು ಸೊಂಟಕ್ಕೆ ಏರಿಸಿಕೊಂಡು ಸುತ್ತುತ್ತಿದ್ದಳು. ಹದಿನಾಲ್ಕು ಕೂಸುಗಳಲ್ಲಿ ಯಾವುದಕ್ಕೆ ಬೇಳೆ ಸೇರದು, ಯಾವುದು ಮನೆಯಿಂದ ಹಸಿದೇ ಬಂದಿದೆ, ಯಾವುದರ ಕಿವಿ ಸೋರುತ್ತಿದೆ, ಎಲ್ಲ ಅವಳಿಗೆ ಗೊತ್ತು. ಕೂಸುಗಳ ಜೊತೆ ಅವಳಿಗೆ ಮಾತು ಬರುತ್ತಿತ್ತು. ದೊಡ್ಡವರೆದುರು ಬರುತ್ತಿರಲಿಲ್ಲ. ಕರಜಗಿಯ ಮರಾಠಿ ಸಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿ ಬಿಟ್ಟಿದ್ದಳು. ಬಿಡು ಎಂದವರು ಯಾರೂ ಇಲ್ಲ. ಎದ್ದು ನಿಂತು ಓದು ಎಂದಾಗಲೆಲ್ಲ ಗಂಟಲು ಕಟ್ಟುತ್ತಿತ್ತು, ಹುಡುಗಿಯರು ನಗುತ್ತಿದ್ದರು. ಒಂದು ಜೂನಿನಲ್ಲಿ ಸಾಲೆ ಸುರುವಾದಾಗ ಅವಳು ಹೋಗಲಿಲ್ಲ, ಯಾರೂ ಕೇಳಲಿಲ್ಲ. ತಾಯಿ-ತಂದೆ ಇಲ್ಲದ ಅವಳನ್ನು ಬೆಳೆಸಿದ ಕಾಕಾ, ಮನೆಯಲ್ಲಿ ಇರುತ್ತೇನೆ ಅಂದರೆ ಇರಲಿ ಬಿಡು ಎಂದಿದ್ದ.

ಅಕ್ಕೋರು ಮೊಬೈಲು ಕೆಳಗಿಟ್ಟರು. ನಿನ್ನೆಯ ಫೋಟೋ ಮತ್ತೆ ಹೋಗಿರಲಿಲ್ಲ.

ದಿನಾಲೂ ಕೋಣೆಯೆದುರು ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆದು, ತೂಕ ತುಂಬಿ, ಮಧ್ಯಾಹ್ನದೊಳಗೆ ಮೇಲಕ್ಕೆ ಕಳಿಸಬೇಕು ಎಂದು ನಿಯಮ ಬಂದು ಎರಡು ವರ್ಷವಾಗಿತ್ತು. ದೊಡ್ಡಿಯಲ್ಲಿ ರೇಂಜು ಇಲ್ಲ. ಹಿಂದಿನ ಗುಡ್ಡದ ನೆತ್ತಿಯ ಬಂಡೆಯ ಮೇಲೆ ನಿಂತರೆ ಎರಡು ಕಡ್ಡಿ ಬರುತ್ತಿದ್ದವು, ಅವೂ ಗಡಿಯಾಚೆಯ ಟವರಿನವು. ‘ಕರ್ನಾಟಕಕ್ಕೆ ಸ್ವಾಗತ’ ಎಂದು ಮೊದಲು ಒಂದು ಸಂದೇಶ ಬೀಳುತ್ತಿತ್ತು. ಅಲ್ಲಿಂದ ಕಳಿಸಿದರೆ, ನೀವು ಅಂಗನವಾಡಿಯಲ್ಲಿ ಇಲ್ಲ ಎಂದು ಮೊಬೈಲೇ ಹೇಳುತ್ತಿತ್ತು. ಹೀಗಾಗಿ ಹದಿನಾಲ್ಕೂ ಕೂಸುಗಳು ಕೂತು ಉಂಡು ಹೋದ ದಿನ ಮೇಲಿನ ಪಟ್ಟಿಯಲ್ಲಿ ಬನ್ನಿದೊಡ್ಡಿಯ ಹಾಜರಿ ಸೊನ್ನೆ. ಇನ್ನೊಂದು ವರ್ಷ ಹೀಗೇ ಆದರೆ ಈ ಅಂಗನವಾಡಿಯನ್ನು ಕರಜಗಿಯದರಲ್ಲಿ ಸೇರಿಸುತ್ತೇವೆ ಎಂದು ಮೀಟಿಂಗಿನಲ್ಲಿ ಎರಡು ಸಲ ಹೇಳಿದ್ದರು.

‘ಸರ್ವೇ ಬರಾಕತ್ತೈತಿ,’ ಎಂದರು ಅಕ್ಕೋರು. ‘ನೆಟ್‌ವರ್ಕ್ ಇಲ್ಲದ ಊರ ಹುಡುಕಿ ಟವರ್ ನಿಂದ್ರಸ್ತಾರಂತ. ದಿಲ್ಲಿಯಿಂದನ ಹುಕುಂ ಆಗೇತಿ. ನಮ್ಮ ಹೆಸರ ಅದರಾಗ ಬಿತ್ತಂದ್ರ ಈ ಕ್ವಾಣಿ ಉಳಿತೈತಿ ಸುನಿತಾ. ಇಲ್ಲಂದ್ರ ಮೂರ ವರ್ಷದ ಕೂಸುಗಳು ಕರಜಗಿಗೆ ನಡೀಬೇಕು. ಯಾವಾಕಿ ಕಳಿಸ್ಯಾಳು?’

ಸುನಿತಾ ಮೊರ ಕೆಳಗಿಟ್ಟು ತಲೆಯಾಡಿಸಿದಳು. ಯಾರೂ ಕಳಿಸುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ದೊಡ್ಡಿಯ ಹೆಂಗಸರು ನಸುಕಿನಲ್ಲೇ ಕೂಲಿಗೆ ದ್ರಾಕ್ಷಿ ತೋಟಗಳಿಗೆ ಹೋಗುವವರು. ಕೂಸುಗಳು ಮತ್ತೆ ಬೀದಿಗೇ ಬೀಳುತ್ತವೆ. ಅವುಗಳಲ್ಲಿ ಕಾಕಾನ ಮಗ ಬೀರುವಿನ ಮಗಳು ಮಾಯಿಯೂ ಒಬ್ಬಳು. ಬೀರು ಮತ್ತು ಅವನ ಹೆಂಡತಿ ವರ್ಷದ ಎಂಟು ತಿಂಗಳು ಕುರಿಗಳ ಹಿಂದೆ ಇರುತ್ತಿದ್ದರು.

ಇಲ್ಲಿ ಒಂದು ಮಾತಿನ ವಿಷಯ ಹೇಳಬೇಕು. ಮರಾಠಿಯಲ್ಲಿ ವಸ್ತಿ ಎಂದರೆ ಊರಿನಿಂದ ಹೊರಗೆ ಇರುವ ಮನೆಗಳ ಗುಂಪು. ಜತ್ತದ ಸುತ್ತ ತೋಟಕ್ಕೊಂದು ವಸ್ತಿ ಇದೆ, ಸರಕಾರಿ ಕಾಗದದಲ್ಲಿ ಬನ್ನಿದೊಡ್ಡಿಯ ಹೆಸರೂ ‘ಬನ್ನಿ ವಸ್ತಿ’ ಎಂದೇ ಇದೆ. ಆದರೆ ಬಸಗೊಂಡನಂಥವರ ಬಾಯಲ್ಲಿ ವಸ್ತಿ ಎಂದರೆ ಬೇರೆ. ಕುರಿ ಹೊಡೆದುಕೊಂಡು ಹೋದಾಗ ಸಂಜೆಗೆ ಯಾರದೋ ಹೊಲದಲ್ಲಿ ಬಲೆ ಕಟ್ಟಿ ಹಿಂಡು ನಿಲ್ಲಿಸಿ ರಾತ್ರಿ ಕಳೆಯುತ್ತಾರಲ್ಲ, ಅದು ವಸ್ತಿ. ‘ಇವತ್ತ ಎಲ್ಲಿ ವಸ್ತಿ?’ ಎಂದು ದಾರಿಯಲ್ಲಿ ಸಿಕ್ಕ ಕುರುಬರು ಒಬ್ಬರನ್ನೊಬ್ಬರು ಕೇಳುವ ಮೊದಲ ಪ್ರಶ್ನೆಯೇ ಅದು. ತಾವು ಇರುವ ಜಾಗಕ್ಕೆ ಅವರು ದೊಡ್ಡಿ ಎನ್ನುತ್ತಾರೆ, ಅದನ್ನು ವಸ್ತಿ ಎಂದರೆ ನಗುತ್ತಾರೆ. ಎರಡೂ ಅರ್ಥ ಗೊತ್ತಿದ್ದವಳು ಆ ದೊಡ್ಡಿಯಲ್ಲಿ ಸುನಿತಾ ಒಬ್ಬಳೇ ಎಂದಲ್ಲ, ಇನ್ನೂ ನಾಲ್ಕೈದು ಮಂದಿಗೆ ಗೊತ್ತಿತ್ತು. ಆದರೆ ಆ ದಿನ ಮಧ್ಯಾಹ್ನ ಮನೆಯ ಕಟ್ಟೆಯ ಹತ್ತಿರ ಇದ್ದವಳು ಅವಳೊಬ್ಬಳೇ.

ಸರ್ವೇಯವನು ಗಣಪತಿ ಹಬ್ಬ ಕಳೆದ ವಾರ ಮೋಟರ್‌ಸೈಕಲ್ ಮೇಲೆ ಬಂದ. ಮಿರಜದ ಕಡೆಯವನು, ಇಪ್ಪತ್ತೈದು ವರ್ಷದವನಿರಬೇಕು, ಮುಖ ಬಿಸಿಲಿಗೆ ಕೆಂಪಾಗಿತ್ತು. ಆ ದಿನ ಅದು ಅವನ ಐದನೆಯ ಊರಂತೆ. ದೊಡ್ಡಿಯ ಮೊದಲ ಮನೆಯೇ ಬಸಗೊಂಡನದು. ಕಟ್ಟೆಯ ಮೇಲೆ ಕಂಬಳಿ ಹಾಸಿ ಅವನನ್ನು ಕೂಡ್ರಿಸಿದರು. ಅವನು ಅಲ್ಲಿಂದ ಏಳಲೇ ಇಲ್ಲ. ಎದ್ದು ಹತ್ತು ಹೆಜ್ಜೆ ಒಳಗೆ ಬಂದಿದ್ದರೆ ಕಲ್ಲಿನ ಗೋಡೆಗಳನ್ನೂ, ಮೂರು ತಲೆಮಾರಿನ ಬೀರಪ್ಪನ ಗುಡಿಯನ್ನೂ, ಅಂಗನವಾಡಿಯ ಹಳದಿ ಬಾಗಿಲನ್ನೂ ನೋಡುತ್ತಿದ್ದ ಎಂದು ಸುನಿತಾ ಆಮೇಲೆ ಎಷ್ಟೋ ಸಲ ಅಂದುಕೊಂಡಳು.

ಬಸಗೊಂಡ ಖುಷಿಯಲ್ಲಿದ್ದ. ಸರಕಾರದವರು ತನ್ನ ಕಟ್ಟೆ ಹುಡುಕಿಕೊಂಡು ಬಂದದ್ದು, ಹೆಸರು ಹಿಡಿದು ಬಸಗೊಂಡ ಮಾಮಾ ಎಂದದ್ದು ಅವನಿಗೆ ಹಿಡಿಸಿತ್ತು. ಎಷ್ಟು ಮನೆ ಎಂದು ಕೇಳಿದರೆ ಇಪ್ಪತ್ತೊಂದು ಎಂದ. ಎಷ್ಟು ಮಂದಿಯ ಹತ್ತಿರ ಫೋನು ಎಂದರೆ ಬೆರಳು ಮಡಿಚಿ ಎಣಿಸಿ ಹೇಳಿದ. ಅವನ ಮರಾಠಿ ಸಂತೆಯ ಮರಾಠಿ, ಕುರಿ ಮಾರುವಷ್ಟು, ದಾರಿ ಕೇಳುವಷ್ಟು. ಅದು ಸಾಲದಾದಾಗ ಕನ್ನಡಕ್ಕೆ ಇಳಿಯುತ್ತಿದ್ದ. ಸರ್ವೇಯವನಿಗೆ ಕನ್ನಡ ಅಲ್ಲೊಂದು ಇಲ್ಲೊಂದು ತಿಳಿಯುತ್ತಿತ್ತು. ಇಬ್ಬರೂ ಒಬ್ಬರ ಮಾತು ಒಬ್ಬರಿಗೆ ಪೂರಾ ತಿಳಿಯಿತೆಂದೇ ನಂಬಿ ನಗುತ್ತಿದ್ದರು.

ಸುನಿತಾ ಚಹಾ ತಂದು ಅವನ ಪಕ್ಕದಲ್ಲಿ ಇಡಲು ಬಗ್ಗಿದಾಗ ಅವನು ಆ ಪ್ರಶ್ನೆ ಕೇಳಿದ. ‘ಮಾಮಾ, ವಸ್ತಿ ಕಾಯಮ್ ಆಹೇ ಕಾ, ತಾತ್ಪುರತೀ?’

ವಸ್ತಿ ಕಾಯಂ ಇರುವುದೋ, ನಾಲ್ಕು ದಿನದ್ದೋ. ಬಸಗೊಂಡ ಗಟ್ಟಿಯಾಗಿ ನಕ್ಕ.

‘ಕುರುಬನ ವಸ್ತಿ ಎಲ್ಲಿ ಕಾಯಂ ಇರತೈತ್ರಿ ಸಾಹೇಬ್ರ? ಇವತ್ತ ಇಲ್ಲಿ, ನಾಳಿ ಮುಂದ. ಒಂದ ಹೊಲದಾಗ ಎರಡ ರಾತ್ರಿಕಿಂತ ಹೆಚ್ಚಿಗಿ ನಿಂತವ ನಾ ಅಲ್ಲ. ಕಾಯಮ್ ನಾಹೀ, ಕಾಯಮ್ ನಾಹೀ.’

ಸರ್ವೇಯವನು ಹುಬ್ಬು ಎತ್ತಿ, ಹಾಗಾದರೆ ಯಾವಾಗ ಹೋಗುತ್ತೀರಿ ಎಂದು ಕೇಳಿದ. ದೀಪಾವಳಿ ಮುಗಿಯಿತೆಂದರೆ ಎದ್ದೆವು ಎಂದ ಬಸಗೊಂಡ. ಕೃಷ್ಣಾ ಹೊಳೆಯ ಸಾಲು ಹಿಡಿದು ಎಲ್ಲೆಲ್ಲಿ ಹೋಗುತ್ತೇವೆ, ಯಾವ ಗೌಡ ಹೊಲದಲ್ಲಿ ಕುರಿ ಕೂಡ್ರಿಸಲು ತಾನೇ ಕರೆ ಕಳಿಸುತ್ತಾನೆ, ಯಾವ ಊರಲ್ಲಿ ನಾಯಿ ಕೆಟ್ಟವು, ಎಲ್ಲ ಹೇಳಿದ. ಒಂದೂ ಸುಳ್ಳಲ್ಲ. ಕೇಳುತ್ತಿದ್ದವನು ತಲೆಯಾಡಿಸುತ್ತ ತನ್ನ ಮೊಬೈಲಿನ ಪರದೆಯ ಮೇಲೆ ಬೆರಳು ಇಟ್ಟ. ಅಲ್ಲಿ ಒತ್ತಲು ಎರಡು ಗುಂಡು ಗುರುತುಗಳಿದ್ದವು, ಮೇಲಿನದಕ್ಕೆ ಕಾಯಮ್ ಎಂದೂ ಕೆಳಗಿನದಕ್ಕೆ ತಾತ್ಪುರತೀ ಎಂದೂ ಬರೆದಿತ್ತು. ಬೆರಳು ಕೆಳಗಿನದನ್ನು ಒತ್ತಿತು. ಚಹಾದ ಬಸಿ ಇನ್ನೂ ಸುನಿತಾಳ ಕೈಯಲ್ಲೇ ಇತ್ತು. ಅವಳು ತಲೆಕೆಳಗಾಗಿ ಅದನ್ನು ಓದಿದಳು.

ಅಲ್ಲ, ಅವರು ಕೇಳಿದ್ದು ಕುರಿ ವಸ್ತಿ ಅಲ್ಲ ಕಾಕಾ, ನಮ್ಮ ದೊಡ್ಡಿ. ಇಷ್ಟೇ ಹೇಳಬೇಕಿತ್ತು. ಆದರೆ ಹೊರಗಿನ ಗಂಡಸಿನೆದುರು, ತನ್ನನ್ನು ಎತ್ತಿ ಬೆಳೆಸಿದವನ ಮಾತು ತಪ್ಪು ಎಂದು ಹೇಳಬೇಕು. ಕಾಕಾ ಆಗ ತಾನೇ ಮೀಸೆಯ ಮೇಲೆ ಕೈಯಾಡಿಸುತ್ತ ನಾಯಿಗಳ ಕತೆಗೆ ಬಂದಿದ್ದ. ಅವಳು ಬಸಿ ಕೆಳಗಿಟ್ಟು ಒಳಗೆ ಹೋದಳು. ಅವನು ಮತ್ತೊಮ್ಮೆ ಓದಿ ತೋರಿಸುತ್ತಾನೆ, ಆಗ ಕಾಕಾನಿಗೇ ತಿಳಿಯುತ್ತದೆ ಎಂದುಕೊಂಡಳು. ಅವನು ಓದಲಿಲ್ಲ. ಬಸಗೊಂಡನ ಹೆಬ್ಬೆರಳು ಒತ್ತಿಸಿಕೊಂಡು ಎದ್ದ.

ಇನ್ನೂ ಒಂದು ಅವಕಾಶ ಇತ್ತು. ಅವಳು ಕೊಡ ಹಿಡಿದು ಬೋರಿನ ಕಡೆ ಹೋಗುವಾಗ ಕವಲು ದಾರಿಯಲ್ಲಿ ಮೋಟರ್‌ಸೈಕಲ್ ನಿಂತಿತ್ತು. ಅವನೊಬ್ಬನೇ. ಇವಳನ್ನು ನೋಡಿ, ಉಮದಿಗೆ ಹೋಗುವ ದಾರಿ ಯಾವುದು ತಾಯೀ ಎಂದು ಮರಾಠಿಯಲ್ಲಿ, ಮರ್ಯಾದೆಯಿಂದಲೇ ಕೇಳಿದ. ಅಲ್ಲಿ ಕಾಕಾ ಇರಲಿಲ್ಲ, ಯಾರೂ ಇರಲಿಲ್ಲ. ಅವನ ಚೀಲದಲ್ಲಿ ಆ ಪರದೆ ಇತ್ತು. ಸುನಿತಾ ಬಲಗೈ ಎತ್ತಿ ದಾರಿ ತೋರಿಸಿದಳು. ಅವನು ಧನ್ಯವಾದ ಎಂದು ಗಾಡಿ ತಿರುಗಿಸಿದ. ಧೂಳು ಇಳಿಯುವವರೆಗೂ ಅವಳ ಕೈ ಹಾಗೇ ಮೇಲೆಯೇ ಇತ್ತು.

ಆಮೇಲೆ ದಿನ ಕಳೆದಷ್ಟೂ ಹೇಳುವುದು ಕಠಿಣವಾಯಿತು. ಬಸಗೊಂಡ ಸಂತೆಯಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಬಸ್ಸಿನಲ್ಲಿ ಹೇಳಿಕೊಂಡು ತಿರುಗಿದ್ದ. ಸರಕಾರದವ ಬಂದಿದ್ದ, ನಾನೇ ಎಲ್ಲಾ ಮಾಹಿತಿ ಕೊಟ್ಟೆ, ಮುಂದಿನ ಮಳೆಗಾಲಕ್ಕೆ ಟವರು. ಅಂಗನವಾಡಿಯ ಬಾಗಿಲಿಗೂ ಬಂದು, ‘ಅಕ್ಕೋರ, ಇನ್ನ ಗುಡ್ಡ ಏರೂದ ಬ್ಯಾಡ್ರಿ, ಕುಂತಲ್ಲೇ ಫೋಟೋ ಹೋಗತಾವು’ ಎಂದ. ಅಕ್ಕೋರು ನಕ್ಕು, ನಿಮ್ಮಿಂದ ಉಪಕಾರ ಆಯಿತು ಎಂದರು. ಒಲೆಯ ಮುಂದೆ ಕೂತಿದ್ದ ಸುನಿತಾ ಊದುಗೊಳವೆ ಹಿಡಿದು, ಉರಿಯುತ್ತಿದ್ದ ಬೆಂಕಿಯನ್ನೇ ಊದಿದಳು.

ದೀಪಾವಳಿ ಮುಗಿಯಿತು. ಬಸಗೊಂಡ, ಬೀರು, ಬೀರುವಿನ ಹೆಂಡತಿ ಕುರಿ ಹೊಡೆದುಕೊಂಡು ಹೋದರು. ಮನೆಯಲ್ಲಿ ಕಾಕಾನ ಹೆಂಡತಿ ಚನ್ನವ್ವ, ಸುನಿತಾ ಮತ್ತು ಮಾಯಿ ಉಳಿದರು.

ಸಂಕ್ರಾಂತಿಯ ಮಗ್ಗುಲಿಗೆ ಕರಜಗಿಯ ಪಂಚಾಯತಿ ಗೋಡೆಗೆ ಪಟ್ಟಿ ಹಚ್ಚಿದರು. ಸುನಿತಾ ರೇಶನ್ ತರಲು ಹೋದವಳು ಓದಿದಳು. ಟವರು ಮಂಜೂರಾದ ವಸ್ತಿಗಳ ಹೆಸರು ಮೇಲೆ, ಕೈಬಿಟ್ಟವು ಕೆಳಗೆ. ಬನ್ನಿ ವಸ್ತಿ ಕೆಳಗಿತ್ತು. ಅದರ ಎದುರು ಕಾರಣ: ತಾತ್ಪುರತೀ. ಮಾಹಿತಿ ಕೊಟ್ಟವರು ಎಂಬಲ್ಲಿ ಕಾಕಾನ ಪೂರಾ ಹೆಸರು, ಅಪ್ಪನ ಹೆಸರಿನ ಸಮೇತ. ಯಾರದಾದರೂ ತಕರಾರು ಇದ್ದರೆ ಹದಿನೈದು ದಿನದೊಳಗೆ ಬರೆದು ಕೊಡಬೇಕು ಎಂದು ಅಡಿಯಲ್ಲಿತ್ತು.

ಬರೆಯಲು ಅವಳಿಗೆ ಬರುತ್ತಿತ್ತು. ಅಕ್ಷರ ಚೆನ್ನಾಗಿವೆ ಎಂದು ಸಾಲೆಯಲ್ಲಿ ಹೇಳುತ್ತಿದ್ದರು. ಆದರೆ ಏನೆಂದು ಬರೆಯುವುದು? ಈ ಹೆಸರಿನವರು ತಪ್ಪು ಹೇಳಿದ್ದಾರೆ ಎಂದೇ ಬರೆಯಬೇಕು. ಮರುದಿನ ಅಕ್ಕೋರೂ ಪಟ್ಟಿ ನೋಡಿ ಬಂದರು. ಅವರ ಮುಖ ಇಳಿದಿತ್ತು. ಕಾಕಾ ಹೀಗೆ ಯಾಕೆ ಹೇಳಿದರು, ನೀನು ಆ ದಿನ ಮನೆಯಲ್ಲೇ ಇದ್ದೆಯಲ್ಲ ಎಂದು ಸುನಿತಾಳನ್ನು ಕೇಳಿದರು. ಅವಳು ನೆಲ ನೋಡಿದಳು. ಚಹಾ ಕಾಸುತ್ತಿದ್ದೆ ಎಂದಳು. ಅದು ಸುಳ್ಳಲ್ಲ, ಆದರೆ ಸುಳ್ಳಿಗಿಂತ ಹೆಚ್ಚು ಸುಟ್ಟಿತು. ಬಸಗೊಂಡನೇ ಬಂದು, ಇಲ್ಲವೆ ಫೋನಿನಲ್ಲಾದರೂ, ತಾನು ಹೇಳಿದ್ದು ಬೇರೆ ಅರ್ಥದಲ್ಲಿ ಎಂದರೆ ನಾನೇ ಅರ್ಜಿ ಬರೆದು ಕೊಡುತ್ತೇನೆ ಎಂದರು ಅಕ್ಕೋರು. ಕೇಳಿ ನೋಡು ಎಂದು ತಮ್ಮ ಮೊಬೈಲನ್ನೇ ಅವಳ ಕೈಗೆ ಕೊಟ್ಟರು.

ಸುನಿತಾ ಗುಡ್ಡ ಹತ್ತಿದಳು. ಬಂಡೆಯ ಮೇಲೆ ನಿಂತಾಗ ಸ್ವಾಗತದ ಸಂದೇಶ ಬಂತು. ಬೀರುವಿನ ನಂಬರಿಗೆ ಹಚ್ಚಿದಳು, ಅವನು ಅಪ್ಪನಿಗೆ ಕೊಟ್ಟ. ಕುರಿಗಳ ಸದ್ದಿನ ನಡುವೆ ಕಾಕಾನ ದನಿ ಕೇಳಿತು. ಅವನು ಯಾರೊಂದಿಗೋ ಕೂತಿದ್ದ. ‘ನಮ್ಮ ಹುಡಗಿ, ದೊಡ್ಡಿಯಿಂದ ಹಚ್ಯಾಳ,’ ಎಂದು ಅವರಿಗೆ ಹೇಳಿದ. ‘ಈಗ ಗುಡ್ಡ ಹತ್ತಿ ಹಚ್ಚಾಕಿ. ಮುಂದಿನ ಸಲ ಒಲಿ ಮುಂದ ಕುಂತ ಮಾತಾಡ್ತಾಳ, ಟವರ್ ನಮ್ಮ ಬಾಗಲದಾಗ ಬರತೈತಿ. ಹೇಳವಾ ಸುನಿತಾ, ಏನಂದಿ?’

ಕುರಿ ಆರಾಮ ಇದ್ದಾವೇನ್ರಿ ಎಂದು ಅವಳು ಕೇಳಿದಳು.

ಆರಾಮ ಇದ್ದವು. ಎರಡು ಮರಿ ಹಾಕಿದ್ದವು. ಮಾಯಿ ಏನು ಮಾಡುತ್ತಾಳೆ ಎಂದು ಅವನು ಕೇಳಿದ. ಹಾಡು ಕಲಿತಿದ್ದಾಳೆ ಎಂದಳು. ಅಷ್ಟಕ್ಕೆ ಮಾತು ಮುಗಿಯಿತು. ಕೆಳಗಿಳಿದು ಬಂದು ಅಕ್ಕೋರಿಗೆ, ಫೋನು ಹತ್ತಲಿಲ್ಲ ಎಂದು ಹೇಳಿದಳು. ಅಕ್ಕೋರು ಅದನ್ನು ನಂಬಿದರು. ಆ ದೊಡ್ಡಿಯಲ್ಲಿ ಅಷ್ಟು ಸುಲಭವಾಗಿ ನಂಬಬಹುದಾದ ಮಾತು ಇನ್ನೊಂದು ಇರಲಿಲ್ಲ.

ಹದಿನೈದು ದಿನ ಹೋದವು. ಬೇಸಿಗೆಯಲ್ಲಿ ಹಳ್ಳದ ಆಚೆ ದ್ರಾಕ್ಷಿ ತೋಟದವರ ವಸ್ತಿಯಲ್ಲಿ ಟವರು ಎದ್ದಿತು, ಆರು ಮನೆಗಳ ವಸ್ತಿ. ಅದಕ್ಕೂ ಬನ್ನಿದೊಡ್ಡಿಗೂ ನಡುವೆ ಗುಡ್ಡ ಅಡ್ಡ. ಬಂಡೆಯ ಮೇಲಿನ ಕಡ್ಡಿ ಎರಡರಿಂದ ನಾಲ್ಕಾದವು, ಕೆಳಗೆ ದೊಡ್ಡಿಯಲ್ಲಿ ಏನೂ ಆಗಲಿಲ್ಲ. ಕಾರಹುಣ್ಣಿಮೆಗೆ ಕುರಿಗಳು ಮರಳಿದವು. ಬಸಗೊಂಡ ಬಂದವನೇ ಟವರು ಎಲ್ಲಿ ಎಂದು ಕೇಳಿದ. ತಡವಾಗಿರಬೇಕು ಎಂದು ತಾನೇ ಉತ್ತರ ಹೇಳಿಕೊಂಡ. ತಕರಾರಿನ ಗಡುವು ಮುಗಿದಿತ್ತು, ಇನ್ನು ಅವನ ಮನಸ್ಸು ನೋಯಿಸುವುದೇಕೆ ಎಂದು ಅಕ್ಕೋರೂ ಪಟ್ಟಿಯ ಮಾತು ಎತ್ತಲಿಲ್ಲ. ಜುಲೈ ಕೊನೆಗೆ ಅಂಗನವಾಡಿ ಕರಜಗಿಗೆ ಹೋಗುವ ಹುಕುಂ ಬಂತು. ಆಗ ಅವನಿಗೆ ಸಿಟ್ಟು ಬಂತು. ಆಗಸ್ಟ್ ಹದಿನೈದರ ಗ್ರಾಮಸಭೆಗೆ ಮೇಲಿನ ಸಾಹೇಬರು ಬರುತ್ತಾರೆ, ಅಲ್ಲೇ ಕೇಳುತ್ತೇನೆ ಎಂದ.

ಆ ದಿನ ಅವನು ತೊಳೆದ ಧೋತರ ಉಟ್ಟು, ಹಳದಿ ರುಮಾಲು ಸುತ್ತಿಕೊಂಡು ಮುಂದೆ ನಡೆದ. ಹಿಂದೆ ಚನ್ನವ್ವ, ಸುನಿತಾ. ಝೆಂಡಾ ನೋಡುವೆ, ಜಿಲೇಬಿ ತಿನ್ನುವೆ ಎಂದು ಹಟ ಹಿಡಿದ ಮಾಯಿ ಅಜ್ಜನ ಹೆಗಲ ಮೇಲೆ. ದಾರಿಯುದ್ದಕ್ಕೂ ಅಜ್ಜ-ಮೊಮ್ಮಗಳು ಕಂಡ ಕಂಡ ಗಿಡಕ್ಕೆಲ್ಲ ಹೆಸರು ಹೇಳುತ್ತ ಹೋದರು. ಕಾಕಾ ಸಭೆಯಲ್ಲಿ ಏನು ಕೇಳಬೇಕೆಂದು ನಡುನಡುವೆ ಬಾಯಿಪಾಠ ಮಾಡುತ್ತಿದ್ದ. ಈಗ ಹೇಳಬಹುದು, ಇಲ್ಲಿ ಹೊರಗಿನವರು ಯಾರೂ ಇಲ್ಲ, ಎಂದು ಸುನಿತಾಳಿಗೆ ಹಳ್ಳದ ಹತ್ತಿರ ಅನಿಸಿತು. ಹಳ್ಳ ದಾಟಿದ ಮೇಲೆಯೂ ಅನಿಸಿತು. ಅಷ್ಟರಲ್ಲಿ ಕರಜಗಿಯ ಮನೆಗಳು ಕಂಡವು.

ಸಭೆ ಸಾಲೆಯ ಅಂಗಳದಲ್ಲಿತ್ತು. ಬಸಗೊಂಡ ಎದ್ದು ನಿಂತು, ಇಪ್ಪತ್ತೊಂದು ಮನೆ ಬಿಟ್ಟು ಆರು ಮನೆಗೆ ಟವರು ಹೇಗೆ ಕೊಟ್ಟಿರಿ ಎಂದು ಗಟ್ಟಿಯಾಗಿ ಕೇಳಿದ. ಒಳ್ಳೆಯ ಪ್ರಶ್ನೆ. ನಾಲ್ಕು ಜನ ಹೌದೌದು ಎಂದರು. ಸಾಹೇಬರು ಕಾಗದ ತಿರುವಿ, ಯಾರನ್ನೂ ನೋಯಿಸದ ದನಿಯಲ್ಲಿ ಓದಿದರು. ವಸ್ತಿ ತಾತ್ಪುರತೀ. ವಾಸವಿರುವವರು ದೀಪಾವಳಿಯ ನಂತರ ಜಾಗ ಬಿಟ್ಟು ಹೋಗುತ್ತಾರೆ. ಮಾಹಿತಿ ಕೊಟ್ಟವರು... ಅವರು ತಲೆಯೆತ್ತಿ, ಇದು ನೀವೇ ಅಲ್ಲವೆ ಎಂದರು.

ಬಸಗೊಂಡನಿಗೆ ಮೊದಲು ತಿಳಿಯಲಿಲ್ಲ. ಅವರು ಕೇಳಿದ್ದು ಕುರಿ ವಸ್ತಿ, ನಾನು ಹೇಳಿದ್ದೂ ಕುರಿ ವಸ್ತಿ ಎಂದ. ಇದು ಮನುಷ್ಯರ ವಸ್ತಿಯ ಸರ್ವೇ, ಕುರಿಗಳದಲ್ಲ, ಎಂದರು ಸಾಹೇಬರು. ಪಂಚಾಯತಿ ಮೆಂಬರ ತಮ್ಮಣ್ಣ ಎದುರು ಸಾಲಿನಲ್ಲಿ ಕೂತಿದ್ದ. ಬಸಗೊಂಡನ ಓರಗೆಯವನು, ಮಾತಿಗೆ ಮಾತು ಜೋಡಿಸುವುದರಲ್ಲಿ ಹೆಸರಾದವನು.

‘ಟವರ್ ಬಂದಿತ್ತೋ ಬಸಗೊಂಡ,’ ಎಂದ ತಮ್ಮಣ್ಣ. ‘ನೀ ಇರಲಿಲ್ಲ. ನಿನ್ನ ಕುರಿ ಬೆನ್ನ ಹತ್ತಿ ಹೊಳಿ ಸಾಲಿಗೆ ಹೋತು.’

ಅಂಗಳವೆಲ್ಲ ನಕ್ಕಿತು. ದ್ವೇಷದ ನಗೆಯಲ್ಲ ಅದು, ಹಬ್ಬದ ದಿನದ ನಗೆ. ಸಾಹೇಬರೂ ಸ್ವಲ್ಪ ನಕ್ಕರು. ಬಸಗೊಂಡ ರುಮಾಲು ಸರಿ ಮಾಡಿಕೊಂಡ. ನಿಂತವನಿಗೆ ಕೂಡ್ರಲೂ ಆಗಲಿಲ್ಲ. ತನ್ನಂತೆಯೇ ಗಂಟಲು ಕಟ್ಟಿ ನಿಂತ ಕಾಕಾನನ್ನು ಸುನಿತಾ ಅದೇ ಮೊದಲ ಸಲ ನೋಡಿದಳು.

ಹೇಗೆ ಎದ್ದಳೋ ಅವಳಿಗೇ ಗೊತ್ತಿಲ್ಲ. ಹೆಂಗಸರ ಹಿಂದಿನ ಸಾಲಿನಲ್ಲಿ ಎದ್ದು ನಿಂತು ಸಾಲೆಯ ಮರಾಠಿಯಲ್ಲಿ ಮಾತಾಡುತ್ತಿದ್ದಳು. ಕಾಕಾ ತಪ್ಪು ಹೇಳಲಿಲ್ಲ, ನಮ್ಮಲ್ಲಿ ವಸ್ತಿ ಎಂದರೆ ರಾತ್ರಿಯ ತಂಗು, ಕೇಳಿದವರಿಗೆ ಅದು ತಿಳಿಯಲಿಲ್ಲ. ನಮ್ಮ ದೊಡ್ಡಿ ಕಾಯಂ ಇದೆ, ಕುರಿಯ ಜೊತೆ ಕೆಲವರು ಹೋಗುತ್ತಾರೆ, ಉಳಿದವರು ಅಲ್ಲೇ ಇರುತ್ತಾರೆ, ಹದಿನಾಲ್ಕು ಕೂಸುಗಳಿವೆ. ಅವರು ಕೆಳಗಿನ ಗುಂಡು ಒತ್ತಿದ್ದನ್ನು ನಾನು ಚಹಾ ಕೊಡುವಾಗ ಕಣ್ಣಾರೆ ಕಂಡಿದ್ದೇನೆ.

ಸಾಹೇಬರು ಕನ್ನಡಕ ತೆಗೆದು ಅವಳನ್ನು ನೋಡಿದರು. ಅವರು ಕೆಟ್ಟವರಲ್ಲ. ಕೇಳಿದ್ದೂ ಮೆಲ್ಲಗೇ. ಹಾಗಾದರೆ ತಾಯೀ, ಅವತ್ತೇ ಯಾಕೆ ಹೇಳಲಿಲ್ಲ?

ಬಸಗೊಂಡ ಹಿಂತಿರುಗಿ ನೋಡಿದ. ಆ ಪ್ರಶ್ನೆಯ ಉತ್ತರಕ್ಕೆ ಈಗ ಅವನೂ ಕಾಯುತ್ತಿದ್ದ. ಸುನಿತಾ ಮೆಲ್ಲಗೆ ಕೆಳಗೆ ಕೂತಳು.

ಪಟ್ಟಿ ಮೇಲಿಂದ ಮುಚ್ಚಿದೆ, ನಮ್ಮ ಕೈಯಲ್ಲಿಲ್ಲ, ಮುಂದಿನ ಹಂತ ಬಂದಾಗ ಈ ಹೆಸರು ಕಳಿಸೋಣ ಎಂದು ಸಾಹೇಬರು ಬರೆದುಕೊಂಡರು. ಮುಂದಿನ ಹಂತ ಯಾವಾಗ ಎಂದು ವಿದ್ಯಾವತಿ ಅಕ್ಕೋರು ಕೇಳಿದರು. ಅದು ಅವರಿಗೂ ಗೊತ್ತಿರಲಿಲ್ಲ. ಅಂಗನವಾಡಿಯ ಹುಕುಂ ಹಾಗೇ ಉಳಿಯಿತು, ಸೋಮವಾರದಿಂದ ಮಕ್ಕಳು ಕರಜಗಿಗೆ. ಆಮೇಲೆ ಸಭೆ ನೀರಿನ ಪೈಪಿನ ವಿಷಯಕ್ಕೆ ಹೋಯಿತು.

ಹೊರಗೆ ಬಂದಾಗ ಅಕ್ಕೋರು ಸುನಿತಾಳ ಹತ್ತಿರ ಬಂದು ನಿಂತರು. ಚಹಾ ಕಾಸುತ್ತಿದ್ದೆ ಅಂದೆ, ಫೋನು ಹತ್ತಲಿಲ್ಲ ಅಂದೆಯಲ್ಲ ಎಂದಷ್ಟೇ ಅಂದರು. ಉತ್ತರಕ್ಕೆ ಕಾಯದೆ ಹೋದರು.

ಮರಳುವಾಗ ಬಸಗೊಂಡ ಎಲ್ಲರಿಗಿಂತ ಮುಂದೆ ಹೊರಟ. ಹೆಗಲು ಖಾಲಿ ಇತ್ತು. ಮಾಯಿ ‘ಅಜ್ಜಾ’ ಎಂದು ಕರೆಯುತ್ತ ಅವನ ಹಿಂದೆ ಓಡಿದಳು. ಅವನು ಅವಳ ತಲೆ ಸವರಿ ಮುಂದೆ ಹೋದ, ಎತ್ತಿಕೊಳ್ಳಲಿಲ್ಲ. ಹಳ್ಳದಲ್ಲಿ ಕಾಲು ತೊಳೆಯಲು ನಿಂತಾಗ, ನೀರು ನೋಡುತ್ತ, ಅವನು ಒಂದು ಮಾತು ಹೇಳಿದ.

‘ಮರಾಠಿ ಕಲ್ತಾಕಿ ಮನ್ಯಾಗ ಇದ್ಲು. ಒಂದ ವರ್ಷ ನಾ ಊರಾಗೆಲ್ಲ ಡಂಗುರ ಹೊಡಕೋಂತ ತಿರಗಿದೆ. ಒಂದ ಸಲ ಕಾಕಾ ಅನಬೇಕಿಲ್ಲೇನವಾ?’

ಚನ್ನವ್ವ ಏನೋ ಸಮಾಧಾನ ಹೇಳಲು ಹೋದಳು. ಅವನು ಚಪ್ಪಲಿ ಮೆಟ್ಟಿಕೊಂಡು ಏರು ಹತ್ತತೊಡಗಿದ. ಚನ್ನವ್ವ ಸೆರಗು ಸಿಕ್ಕಿಸಿಕೊಂಡು ಅವನ ಹಿಂದೆ ಹೋದಳು. ಸುನಿತಾ ಮಾಯಿಯನ್ನು ಅಲ್ಲಿಯವರೆಗೆ ಸೊಂಟದ ಮೇಲೆ ಹೊತ್ತಿದ್ದಳು. ಏರಿನಲ್ಲಿ ಕೈ ಸೋತು ಕೆಳಗಿಳಿಸಿದಳು. ಕೂಸು ಬೆರಳು ಹಿಡಿದು ಸ್ವಲ್ಪ ದೂರ ನಡೆಯಿತು, ಕಲ್ಲಿಗೆ ಎಡವಿತು, ಮತ್ತೆ ನಡೆಯಿತು, ಕೊನೆಗೆ ದಾರಿಯ ನಡುವೆಯೇ ಕೂತುಬಿಟ್ಟಿತು. ಅರ್ಧ ದಾರಿಯೂ ಆಗಿರಲಿಲ್ಲ. ಸೋಮವಾರದಿಂದ ದಿನಾಲೂ ಇದೇ ದಾರಿ. ಕೂಸಿನ ಎರಡೂ ಹಿಮ್ಮಡಿ ಕೆಂಪಾಗಿದ್ದವು.

ಮೇಲೆ ಏರಿನ ನೆತ್ತಿಯ ಹತ್ತಿರ ಹಳದಿ ರುಮಾಲು ಸಣ್ಣದಾಗಿ ಕಾಣುತ್ತಿತ್ತು. ಸುನಿತಾ ಕರೆದಳು. ಗಾಳಿ ಎದುರಿತ್ತು. ಅವನು ತಿರುಗಲಿಲ್ಲ, ಅವನ ಹಿಂದಿದ್ದ ಚನ್ನವ್ವನೂ ತಿರುಗಲಿಲ್ಲ. ಅವಳು ತನ್ನ ಜೀವಮಾನದಲ್ಲಿ ಎಂದೂ ಎತ್ತದಷ್ಟು ದನಿ ಎತ್ತಿ ಮತ್ತೊಮ್ಮೆ ಕರೆದಳು.

‘ಕಾಕಾ, ತುಸು ನಿಂದರ್ರಿ. ಕೂಸಿಗೆ ನಡಿಯಾಕ ಆಗವಲ್ದು.’